ಕಾಲಜ್ಞಾನ, ದೀಕ್ಷೆ, ನಿತ್ಯಜೀವ: ಕೃಷ್ಣಾ–ಘಟಪ್ರಭೆಗಳ ನಾಡಿನಲ್ಲಿ ಕ್ರೈಸ್ತ ಗ್ರಂಥಗಳ ಓದು

ಮುಧೋಳವು ರನ್ನನ ನಾಡು. ತಾನು ಬಳೆಗಾರ ಕುಲದವನೆಂದು ಸಂಕೋಚವಿಲ್ಲದೆ ಹೇಳಿಕೊಂಡ ಈ ಜೈನ ಕವಿಯನ್ನು ಅಭ್ಯಾಸ ಮಾಡಲು ಹೊರಟ ಇಂದಿನ ವಿದ್ಯಾರ್ಥಿಯು ಅರ್ಥವಾಗದ ಶಬ್ದವೊಂದು ಎದುರಾದಾಗ ಫರ್ಡಿನಾಂಡ್ ಕಿಟ್ಟೆಲ್ಲರ ನಿಘಂಟನ್ನು ತೆರೆಯುತ್ತಾನೆ. ವ್ಯಾಕರಣದ ಸಂದೇಹ ಬಂದಾಗ ಕೇಶಿರಾಜನ ಶಬ್ದಮಣಿದರ್ಪಣದತ್ತ ಹೋಗುತ್ತಾನೆ. ಅದನ್ನು 1872ರಲ್ಲಿ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರೂ ಕಿಟ್ಟೆಲ್ಲರೇ. ಛಂದಸ್ಸಿನ ವಿಷಯಕ್ಕೆ ಬಂದರೆ ನಾಗವರ್ಮನ ಛಂದೋಂಬುಧಿ. ಅದರ 1875ರ ಮುದ್ರಣವೂ ಅವರದೇ. ಹೀಗೆ ಜೈನ ಕವಿಯೊಬ್ಬನ ಕಾವ್ಯವನ್ನು, ಜೈನ ಲಾಕ್ಷಣಿಕನೊಬ್ಬನ ಸೂತ್ರಗಳ ನೆರವಿನಿಂದ, ಕ್ರೈಸ್ತ ಪಾದ್ರಿಯೊಬ್ಬರು ಸಿದ್ಧಪಡಿಸಿದ ಸಾಧನಗಳ ಮೂಲಕ ಓದುವ ಪರಿಪಾಠ ಒಂದು ಶತಮಾನಕ್ಕೂ ಮಿಕ್ಕಿ ನಡೆದುಬಂದಿದೆ. ಆದರೆ ಆ ಸಾಧನಗಳನ್ನು ಮಾಡಿದವರು ಯಾವ ಗ್ರಂಥಗಳನ್ನು ಓದಿ ಬೆಳೆದವರು, ಗ್ರಂಥವೆಂದರೆ ಏನೆಂದು ತಿಳಿದವರು, ಧರ್ಮದ ಇತಿಹಾಸವನ್ನು ಹೇಗೆ ಕಂಡವರು ಎಂಬ ಪ್ರಶ್ನೆಯನ್ನು ಕನ್ನಡ ವಿಭಾಗಗಳು ಕೇಳುವುದು ವಿರಳ. ಕ್ರೈಸ್ತ ಚರಿತ್ರೆ, ದೇವಶಾಸ್ತ್ರ ಮತ್ತು ಬೈಬಲ್ ವಿಮರ್ಶೆಯ ಪುಸ್ತಕಗಳು ಕ್ರೈಸ್ತರಿಗೆ ಮಾತ್ರ ಸೇರಿದವು ಎಂಬ ಭಾವನೆ ಇದಕ್ಕೆ ಕಾರಣ. ಈ ಭಾವನೆಯಿಂದ ನಷ್ಟವಾಗಿರುವುದು ಕನ್ನಡದ ಅಧ್ಯಯನಕ್ಕೇ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಪ್ರದೇಶವು ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ನೆಲವಾಗಿದೆ. 19ನೆಯ ಶತಮಾನದಲ್ಲಿ ಈ ನೆಲ ಒಂದೇ ಆಡಳಿತದಲ್ಲಿ ಇರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ಬ್ರಿಟಿಷರ ಕಲಾದಗಿ ಜಿಲ್ಲೆಯಲ್ಲಿತ್ತು. ಪಟವರ್ಧನರ ದರಬಾರಿನ ಬರವಣಿಗೆ ಮರಾಠಿ, ಮನೆ ಮತ್ತು ಮಗ್ಗದ ಮಾತು ಕನ್ನಡ. ರಬಕವಿಗೆ ಹತ್ತಿರದ ತೇರದಾಳದಲ್ಲಿ ನೇಮಿನಾಥ ಬಸದಿಯಿದ್ದು, ರಟ್ಟ ಮಾಂಡಲಿಕ ಗೊಂಕನ ಕಾಲದ 12ನೆಯ ಶತಮಾನದ ಶಾಸನ ಅಲ್ಲಿ ದೊರೆತಿದೆ. ಹಳ್ಳಿಹಳ್ಳಿಗಳಲ್ಲಿ ವೀರಶೈವ ಮಠಗಳು, ಪುರಾಣ ಪ್ರವಚನಗಳು, ಕಾಲಜ್ಞಾನದ ಓದು ರೂಢಿಯಲ್ಲಿದ್ದವು. ಅಂದರೆ ಬೈಬಲು ಇಲ್ಲಿಗೆ ಬರುವ ಹೊತ್ತಿಗೆ ಓದುವ, ಕೇಳುವ, ಅರ್ಥ ಹೇಳುವ ಎರಡು ಪ್ರಬಲ ಪರಂಪರೆಗಳು ಆಗಲೇ ನೆಲೆಯೂರಿದ್ದವು.

ಬೈಬಲನ್ನು ತಂದವರು ಬಾಸೆಲ್ ಮಿಷನ್ನಿನವರು. 1815ರಲ್ಲಿ ಸ್ವಿಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಜನಬಲ ಬಂದುದು ಬಹುಪಾಲು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಅವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ, 1851ರಲ್ಲಿ ಗುಳೇದಗುಡ್ಡದಲ್ಲಿ ಠಾಣೆಗಳನ್ನು ತೆರೆದರು. ಗುಳೇದಗುಡ್ಡವು ಬನಹಟ್ಟಿ, ರಬಕವಿಗಳಂತೆಯೇ ನೇಕಾರರ ಊರು, ಇಂದು ಅದೇ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅಲ್ಲಿ ನಡೆದ ಮುಖಾಮುಖಿಯನ್ನು ತಿಳಿಯಬೇಕಾದರೆ ಅದಕ್ಕೆ ಹತ್ತು ವರ್ಷ ಹಿಂದೆ ಹುಬ್ಬಳ್ಳಿಯಲ್ಲಿ ನಡೆದ ಸಂಗತಿಯೊಂದನ್ನು ಮೊದಲು ನೋಡಬೇಕು.

1840ರ ಸುಮಾರಿಗೆ ಕಾಲಜ್ಞಾನವನ್ನು ನಂಬುವ ಪಂಥವೊಂದರವರು ಹುಬ್ಬಳ್ಳಿಯ ಮಿಷನರಿಗಳನ್ನು ಕಾಣಲು ಬಂದರು. ತಮ್ಮ ಗ್ರಂಥಗಳಲ್ಲಿ ಹೇಳಿದ ಕಾಲ ಕೂಡಿಬಂದಿದೆ, ಪಡುವಣದಿಂದ ಬಂದ ಈ ಬೋಧಕರೇ ಅದರ ಗುರುತು ಎಂದು ಅವರು ಭಾವಿಸಿದರು. ಮಿಷನರಿಗಳಿಗೆ ಇದು ದೇವರೇ ಮೊದಲು ಹದಮಾಡಿಟ್ಟ ಹೊಲದಂತೆ ತೋರಿತು. ಹಳೆಯ ಒಡಂಬಡಿಕೆಯ ಪ್ರವಾದನೆಗಳು ಯೇಸುವಿನಲ್ಲಿ ನೆರವೇರಿದವು ಎಂದು ಓದಿ ಬೆಳೆದವರು, ಕನ್ನಡದ ಕಾಲಜ್ಞಾನವನ್ನೂ ಅದೇ ಕಣ್ಣಿನಿಂದ ಓದಿದರು. ಸಾವಿರಾರು ಜನ ಕ್ರೈಸ್ತರಾಗುವರೆಂಬ ನಿರೀಕ್ಷೆ ಹುಟ್ಟಿತು. ಅವರಿಗೆ ನೆಲೆಯಾಗಲೆಂದು ಬೆಟಗೇರಿಗೆ ಸಮೀಪದ ಮಲ್ಲಸಮುದ್ರದಲ್ಲಿ ಒಕ್ಕಲುತನದ ವಸಾಹತನ್ನೂ ಏರ್ಪಡಿಸಲಾಯಿತು. ನಿರೀಕ್ಷಿಸಿದ ಜನ ಬರಲಿಲ್ಲ. ಮುಂದೆ ಗುಳೇದಗುಡ್ಡದ ನೇಕಾರರ ನಡುವೆಯೂ ‘ನುಡಿ’ ಎಂಬ ಗ್ರಂಥವನ್ನು ನಂಬುವ ಪಂಥದವರು ಮಿಷನರಿಗಳ ಗಮನಕ್ಕೆ ಬಂದರು. ಅಲ್ಲಿ ಒಂದು ಚಿಕ್ಕ ಸಭೆ ಬೆಳೆಯಿತು, ಆದರೆ ನಾಡೇ ತಿರುಗಿ ನಿಲ್ಲಲಿಲ್ಲ.

ಈ ಪ್ರಸಂಗವನ್ನು ಮತಾಂತರದ ಸೋಲು-ಗೆಲುವಿನ ಲೆಕ್ಕವಾಗಿ ಓದುವುದೇ ವಾಡಿಕೆ. ಸಾಹಿತ್ಯದ ವಿದ್ಯಾರ್ಥಿಗೆ ಅದು ಎರಡು ಓದುಗಳು ಒಂದನ್ನೊಂದು ತಪ್ಪಾಗಿ ತಿಳಿದುಕೊಂಡ ಪ್ರಸಂಗವಾಗಿ ಕಾಣಬೇಕು. ಕಾಲಜ್ಞಾನಿಗಳು ಮಿಷನರಿಗಳನ್ನು ತಮ್ಮ ಗ್ರಂಥದೊಳಗಿನ ಪಾತ್ರಗಳನ್ನಾಗಿ ಓದಿದರು. ಮಿಷನರಿಗಳು ಕಾಲಜ್ಞಾನಿಗಳನ್ನು ತಮ್ಮ ಗ್ರಂಥದ ಪಾತ್ರಗಳನ್ನಾಗಿ ಓದಿದರು. ಕಾಲಜ್ಞಾನವೆಂಬ ಸಾಹಿತ್ಯಪ್ರಕಾರದ ಸ್ವರೂಪವೇನು ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ಬೈಬಲ್ ವಿಮರ್ಶೆ ಕೇಳಿದೆ. ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥವು ಬಾಬಿಲೋನಿನ ಸೆರೆಯ ಕಾಲದಲ್ಲಿ, ಅಂದರೆ ಕ್ರಿ.ಪೂ. 6ನೆಯ ಶತಮಾನದಲ್ಲಿ, ನುಡಿದ ಭವಿಷ್ಯವೆಂದು ತನ್ನನ್ನು ತಾನು ಪರಿಚಯಿಸಿಕೊಳ್ಳುತ್ತದೆ. ಆದರೆ ಕ್ರಿ.ಪೂ. 167ರಿಂದ 164ರವರೆಗಿನ, ನಾಲ್ಕನೆಯ ಆಂಟಿಯೋಕಸನ ಕಿರುಕುಳದ ಕಾಲದವರೆಗೆ ಅದರ ವಿವರಗಳು ಬಹಳ ಖಚಿತವಾಗಿದ್ದು, ಅಲ್ಲಿಂದ ಮುಂದೆ ಅಸ್ಪಷ್ಟವಾಗುತ್ತವೆ. ಆದ್ದರಿಂದ ಗ್ರಂಥ ಈಗಿನ ರೂಪ ಪಡೆದುದು ಆ ಕಿರುಕುಳದ ದಿನಗಳಲ್ಲೇ ಎಂದು ಬಹುಪಾಲು ವಿದ್ವಾಂಸರು ನಿರ್ಣಯಿಸಿದ್ದಾರೆ. ನಡೆದುಹೋದುದನ್ನು ನಡೆಯಲಿರುವುದೆಂಬಂತೆ ಹೇಳಿ, ನೊಂದ ಜನರಿಗೆ ಮುಂದಿನ ಬಿಡುಗಡೆಯ ಭರವಸೆ ನೀಡುವುದು ಈ ಪ್ರಕಾರದ ಲಕ್ಷಣ. ಹೀಗೆಂದಾಕ್ಷಣ ಗ್ರಂಥ ಸುಳ್ಳಾಗುವುದಿಲ್ಲ. ಅದು ಯಾರ ಸಂಕಟದಿಂದ ಹುಟ್ಟಿತು ಎಂಬುದು ತಿಳಿಯುತ್ತದೆ. ಕೊಡೇಕಲ್ ಬಸವಣ್ಣನ ಪರಂಪರೆಯೂ ಸೇರಿ ಕೃಷ್ಣೆಯ ಎರಡೂ ದಡಗಳಲ್ಲಿ ಹರಡಿರುವ ಕಾಲಜ್ಞಾನ ಸಾಹಿತ್ಯವನ್ನು ಕುರಿತು ಸಂಶೋಧನೆ ಮಾಡುವವರಿಗೆ ಇದಕ್ಕಿಂತ ಉಪಯುಕ್ತವಾದ ಅಳತೆಗೋಲು ಬೇರೆಡೆ ಸಿಗುವುದು ಕಷ್ಟ. ಯಾವ ಘಟನೆಯವರೆಗೆ ವಿವರ ಸ್ಪಷ್ಟವಾಗಿದೆ, ಎಲ್ಲಿಂದ ಮಸುಕಾಗುತ್ತದೆ ಎಂದು ನೋಡಿದರೆ ಹಸ್ತಪ್ರತಿಯ ಪಾಠದ ಕಾಲವನ್ನು ಊಹಿಸಲು ಒಂದು ದಾರಿ ದೊರೆಯುತ್ತದೆ.

ಎರಡನೆಯ ವಿಚಾರ ಪದಗಳದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಸಿ ಕನ್ನಡ ಬೈಬಲಿನ ಕೆಲಸವನ್ನು ಕೈಗೊಂಡರು. ಇಡೀ ಬೈಬಲು 1831ರ ಹೊತ್ತಿಗೆ ಅಚ್ಚಾಯಿತು. ಅದರ ಭಾಷೆ ಸಾಲದೆಂದು ಬಾಸೆಲ್ ಮಿಷನ್ನಿನ ವೈಗ್ಲೆ ಮುಂತಾದವರು ಪರಿಷ್ಕರಣಕ್ಕೆ ತೊಡಗಿದರು. ಈ ಅನುವಾದಕರು ಹೊಸ ಮತದ ಮಾತುಗಳಿಗಾಗಿ ಹೊಸ ಶಬ್ದಗಳನ್ನು ಟಂಕಿಸುವುದಕ್ಕಿಂತ ನಾಡಿನಲ್ಲಿ ಇದ್ದ ಶಬ್ದಗಳನ್ನೇ ಹೆಚ್ಚಾಗಿ ಆರಿಸಿಕೊಂಡರು. ಇದ್ದ ಶಬ್ದಗಳು ಬರಿದಾಗಿ ಇರಲಿಲ್ಲ. ಅವುಗಳಲ್ಲಿ ಜೈನರ ಮತ್ತು ಶರಣರ ಅರ್ಥಗಳು ಆಗಲೇ ತುಂಬಿಕೊಂಡಿದ್ದವು.

‘ನಿತ್ಯಜೀವ’ ಎಂಬ ಪದವನ್ನು ನೋಡಬಹುದು. ಸುವಾರ್ತೆಗಳಲ್ಲಿ ಅದು ನಂಬುವವನಿಗೆ ದೊರೆಯುವ ವರ. ತೇರದಾಳದ ಶ್ರಾವಕನೊಬ್ಬ ಈ ಮಾತನ್ನು ಕೇಳಿದರೆ ಅವನಿಗೆ ಇದರಲ್ಲಿ ಹೊಸದೇನೂ ಕಾಣದು. ಜೈನ ಸಿದ್ಧಾಂತದಲ್ಲಿ ಜೀವವು ಒಂದು ದ್ರವ್ಯ. ಅದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ನರಕದಲ್ಲಿ ಬೇಯುವ ಜೀವವೂ ನಿತ್ಯವೇ. ಬೇಕಾಗಿರುವುದು ಜೀವದ ನಿತ್ಯತ್ವವಲ್ಲ, ಕರ್ಮದಿಂದ ಅದರ ಬಿಡುಗಡೆ. ಗ್ರೀಕ್ ಮೂಲದ ‘ಜೋಎ ಐಓನಿಯೋಸ್’ ಎಂಬ ನುಡಿಗಟ್ಟಿನ ಹಿಂದೆ ‘ಬರಲಿರುವ ಯುಗದ ಬದುಕು’ ಎಂಬ ಯೆಹೂದ್ಯ ಕಲ್ಪನೆಯಿದೆಯೆಂಬುದನ್ನು ದೇವಶಾಸ್ತ್ರದ ಗ್ರಂಥಗಳಿಂದ ತಿಳಿದವನಿಗೆ ಮಾತ್ರ, ಇಬ್ಬರೂ ಒಂದೇ ಪದದಿಂದ ಎರಡು ಬೇರೆ ಸಂಗತಿಗಳನ್ನು ಹೇಳುತ್ತಿದ್ದರೆಂಬುದು ಹೊಳೆಯುತ್ತದೆ.

‘ಕರ್ತ’ ಎಂಬುದೂ ಹಾಗೆಯೇ. ಗ್ರೀಕಿನ ‘ಕೂರಿಯೋಸ್’ ಎಂದರೆ ಒಡೆಯ. ಶರಣರ ಕರ್ತೃ-ಭೃತ್ಯ ಭಾವದಲ್ಲಿ ಬೆಳೆದ ಓದುಗನಿಗೆ ‘ಕರ್ತ’ನೆಂದರೆ ಒಡೆಯನೆಂಬುದು ಸುಲಭವಾಗಿ ಗ್ರಹಿಕೆಯಾಗುತ್ತದೆ. ಜೈನ ಓದುಗನ ಕಿವಿಗೆ ಅದು ಜಗತ್ಕರ್ತೃವೆಂದು ಕೇಳಿಸುತ್ತದೆ. ಜಗತ್ತಿಗೆ ಕರ್ತನೊಬ್ಬನುಂಟೆಂಬ ವಾದವನ್ನು 9ನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ ತರ್ಕಬದ್ಧವಾಗಿ ಖಂಡಿಸಿದ್ದಾರೆ. ಒಂದೇ ಪದ ಒಂದು ಮನೆಯಲ್ಲಿ ಆಹ್ವಾನ, ಪಕ್ಕದ ಮನೆಯಲ್ಲಿ ಪೂರ್ವಪಕ್ಷ.

‘ದೀಕ್ಷಾಸ್ನಾನ’ದ ಕಥೆ ಇನ್ನೂ ಕುತೂಹಲಕರ. ದೀಕ್ಷೆಯೆಂದರೆ ಜೈನರಿಗೆ ಮುನಿತ್ವದ ಸ್ವೀಕಾರ, ಸಂಸಾರದ ತ್ಯಾಗ. ವೀರಶೈವರಿಗೆ ಇಷ್ಟಲಿಂಗದ ಧಾರಣೆ, ಸಂಸಾರದಲ್ಲಿದ್ದೇ ಭಕ್ತನಾಗುವಿಕೆ. ಗ್ರೀಕಿನಲ್ಲಿದ್ದುದು ‘ಮುಳುಗಿಸು’ ಎಂಬ ಅರ್ಥದ ಕ್ರಿಯಾಪದ. ನೀರಿನಲ್ಲಿ ಪೂರ್ತಿ ಮುಳುಗಬೇಕೆ, ತಲೆಯ ಮೇಲೆ ಚಿಮುಕಿಸಿದರೆ ಸಾಕೆ, ಶಿಶುವಿಗೆ ಈ ಸಂಸ್ಕಾರ ಸಲ್ಲುವುದೆ ಎಂಬ ವಿವಾದಗಳಿಂದ ಕ್ರೈಸ್ತ ಪಂಗಡಗಳೇ ಒಡೆದಿದ್ದವು. 1830ರ ದಶಕದಲ್ಲಿ ಬಂಗಾಳದ ಬಾಪ್ಟಿಸ್ಟರು ತಮ್ಮ ಅನುವಾದದಲ್ಲಿ ‘ಮುಳುಗಿಸು’ ಎಂಬರ್ಥದ ಶಬ್ದವನ್ನೇ ಬಳಸಿದುದಕ್ಕಾಗಿ ಬೈಬಲ್ ಸೊಸೈಟಿ ತನ್ನ ನೆರವನ್ನು ನಿಲ್ಲಿಸಿತು. ಈ ಹಿನ್ನೆಲೆಯನ್ನು ಬಲ್ಲ ಓದುಗನಿಗೆ ಕನ್ನಡದ ‘ದೀಕ್ಷಾಸ್ನಾನ’ ಎಂಬ ಸಮಾಸದ ಜಾಣ್ಮೆ ಕಾಣುತ್ತದೆ. ‘ಸ್ನಾನ’ವು ನೀರಿನ ಪ್ರಮಾಣವನ್ನು ಹೇಳದೆ ನೀರನ್ನು ಉಳಿಸಿಕೊಳ್ಳುತ್ತದೆ, ‘ದೀಕ್ಷೆ’ಯು ನಾಡಿನ ಎರಡು ಧರ್ಮಗಳ ಗೌರವವನ್ನು ಎರವಲು ಪಡೆಯುತ್ತದೆ. ಅನುವಾದ ಅಧ್ಯಯನ ಮಾಡುವವರು ಕ್ರೈಸ್ತ ಚರಿತ್ರೆಯನ್ನು ಓದದೆ ಈ ಒಂದು ಪದವನ್ನೂ ಸರಿಯಾಗಿ ವಿವರಿಸಲಾರರು.

ಮೂರನೆಯ ವಿಚಾರ ಗ್ರಂಥಸಂಪಾದನೆಯದು. ವುರ್ಟೆಂಬರ್ಗಿನ ಭಕ್ತಿಪಂಥದ ಹಿರಿಯರಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಒಬ್ಬರು. ಬೈಬಲಿನ ಪ್ರತಿ ಅಕ್ಷರವನ್ನೂ ಪೂಜ್ಯವೆಂದು ನಂಬಿದ್ದ ಅವರು, ಹಸ್ತಪ್ರತಿಗಳಲ್ಲಿ ಸಾವಿರಾರು ಪಾಠಾಂತರಗಳಿರುವುದನ್ನು ಕಂಡು ಕಳವಳಗೊಂಡರು. ಆ ಕಳವಳವನ್ನು ಮುಚ್ಚಿಡದೆ ಪ್ರತಿಗಳನ್ನು ಗುಂಪುಗಳಾಗಿ ವಿಂಗಡಿಸಿ, 1734ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಪ್ರಕಟಿಸಿದರು. ಎರಡು ಪಾಠಗಳಲ್ಲಿ ಸುಲಭವಾದುದಕ್ಕಿಂತ ಕಠಿಣವಾದುದೇ ಮೂಲಕ್ಕೆ ಹತ್ತಿರ, ಏಕೆಂದರೆ ಲಿಪಿಕಾರ ಕಠಿಣವನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭವನ್ನು ಕಠಿಣ ಮಾಡುವುದಿಲ್ಲ ಎಂಬ ನಿಯಮಕ್ಕೆ ರೂಪ ಕೊಟ್ಟವರು ಅವರೇ. ಮುಂದೆ ಕಾರ್ಲ್ ಲಾಖ್ಮನ್ 1831ರಲ್ಲಿ ಹೊಸ ಒಡಂಬಡಿಕೆಯನ್ನೂ 1850ರಲ್ಲಿ ಲ್ಯಾಟಿನ್ ಕವಿ ಲುಕ್ರೀಷಿಯಸನ ಕೃತಿಯನ್ನೂ ಸಂಪಾದಿಸಿದರು. ಹೀಗೆ ಪವಿತ್ರ ಗ್ರಂಥಕ್ಕೂ ಲೌಕಿಕ ಕಾವ್ಯಕ್ಕೂ ಸಂಪಾದನೆಯ ಶಿಸ್ತು ಸಮಾನವಾಯಿತು. ಬರ್ಲಿನ್ನಿನಲ್ಲಿ ಓದಿ ಬಂದ ವಿ. ಎಸ್. ಸುಖಠಣಕರರ ಮೂಲಕ ಜರ್ಮನ್ ಸಂಪಾದನಶಾಸ್ತ್ರದ ಶಿಸ್ತು ಪುಣೆಯ ಭಾಂಡಾರಕರ ಸಂಸ್ಥೆಯ ಮಹಾಭಾರತದ ಕಾರ್ಯಕ್ಕೆ ಒದಗಿತು. 1964ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಹೊರಬಂದು ಈ ಶಾಸ್ತ್ರ ಕನ್ನಡದಲ್ಲೇ ದೊರೆಯುವಂತಾಯಿತು.

ಬೆಂಗೆಲ್ಲರ ಪ್ರಸಂಗದಲ್ಲಿ ಧಾರ್ಮಿಕ ಗ್ರಂಥಗಳ ಸಂಶೋಧಕರಿಗೆ ಒಂದು ಪಾಠವಿದೆ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಾಕ್ಯಗಳು ಅತ್ಯಂತ ಪ್ರಾಚೀನವಾದ ಎರಡು ಪ್ರತಿಗಳಲ್ಲಿ ಇಲ್ಲ. ಯೋಹಾನನ ಸುವಾರ್ತೆಯಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಿದ್ಧ ಕಥೆಯೂ ಹಳೆಯ ಪ್ರತಿಗಳಲ್ಲಿ ಕಾಣುವುದಿಲ್ಲ. ಇಂದಿನ ಅನೇಕ ಬೈಬಲ್ ಮುದ್ರಣಗಳು ಇದನ್ನು ಅಡಿಟಿಪ್ಪಣಿಯಲ್ಲಿ ಹೇಳುತ್ತವೆ. ಅದರಿಂದ ಚರ್ಚುಗಳು ಬಾಗಿಲು ಮುಚ್ಚಲಿಲ್ಲ. ವಚನಗಳಲ್ಲಿ ಪ್ರಕ್ಷಿಪ್ತವಾವುದು, ಶೂನ್ಯಸಂಪಾದನೆಯ ನಾಲ್ಕು ರೂಪಗಳ ಸಂಬಂಧವೇನು ಎಂಬ ಚರ್ಚೆ ಬಂದೊಡನೆ ಭಕ್ತಿಗೆ ಧಕ್ಕೆಯಾಯಿತೆಂದು ಭಾವಿಸುವ ವಾತಾವರಣದಲ್ಲಿ, ಪಾಠಶೋಧನೆಯು ಶ್ರದ್ಧಾವಂತನ ಕೈಯಿಂದಲೇ ಆರಂಭವಾಯಿತೆಂಬ ಸಂಗತಿ ನೆನಪಿಡತಕ್ಕದ್ದು.

ಆದರೆ ಸಾಧನಗಳನ್ನು ಕೊಟ್ಟವರು ಅವುಗಳ ಜೊತೆಗೆ ತಮ್ಮ ನೋಟವನ್ನೂ ಕೊಟ್ಟರು. ಕಿಟ್ಟೆಲ್ಲರು ಯೇಸುವಿನ ಚರಿತ್ರೆಯನ್ನು ದೇಶೀಯ ಛಂದೋಗತಿಗಳಲ್ಲಿ ‘ಕಥಾಮಾಲೆ’ಯಾಗಿ 1862ರಲ್ಲಿ ರಚಿಸಿದವರು, ವೇದದ ಯಜ್ಞವನ್ನು ಕುರಿತು ಅವರು ಬರೆದ ಪುಸ್ತಕದ ಹಿಂದಿದ್ದುದು ಯೇಸುವಿನ ಬಲಿಯೇ ಕೊನೆಯ ಬಲಿಯೆಂಬ ದೇವಶಾಸ್ತ್ರದ ನಂಬಿಕೆ. ಲಂಡನ್ ಮಿಷನ್ನಿನ ಇ. ಪಿ. ರೈಸ್ ಬರೆದ, 1921ರಲ್ಲಿ ಪರಿಷ್ಕೃತವಾಗಿ ಹೊರಬಂದ ಕನ್ನಡ ಸಾಹಿತ್ಯ ಚರಿತ್ರೆಯು ಕಾಲವನ್ನು ಜೈನ, ಲಿಂಗಾಯತ, ವೈಷ್ಣವ ಎಂದು ಮತಗಳ ಹೆಸರಿನಿಂದ ವಿಂಗಡಿಸಿತು. ಮತಕ್ಕೊಂದು ಯುಗವೆಂಬ ಈ ವಿಂಗಡಣೆ ಪಠ್ಯಕ್ರಮಗಳಲ್ಲಿ ಇಂದಿಗೂ ಬೇರೆಬೇರೆ ರೂಪದಲ್ಲಿ ಉಳಿದಿದೆ. 19ನೆಯ ಶತಮಾನದ ಪ್ರಾಟೆಸ್ಟೆಂಟ್ ಚರ್ಚಿನ ಚರಿತ್ರೆಗಳನ್ನು ಓದಿದವರಿಗೆ ಈ ಚೌಕಟ್ಟು ಅಪರಿಚಿತವಲ್ಲ. ಒಂದು ಮತ ಉಚ್ಛ್ರಾಯಕ್ಕೆ ಬಂದು, ಕ್ರಮೇಣ ಜಡವಾಗಿ, ಸುಧಾರಣೆಯೊಂದು ಅದನ್ನು ಹಿಂದೆ ಸರಿಸುತ್ತದೆ. ಇತಿಹಾಸ ಎಂದರೆ ಮತತತ್ತ್ವಗಳ ಸರದಿ. ಟ್ಯೂಬಿಂಗೆನ್ನಿನ ಎಫ್. ಸಿ. ಬಾವುರ್ ಆದಿ ಕ್ರೈಸ್ತ ಚರಿತ್ರೆಯನ್ನೇ ಎರಡು ಪಕ್ಷಗಳ ಸಂಘರ್ಷವಾಗಿ ವಿವರಿಸಿದರು. ಅದೇ ವಿಶ್ವವಿದ್ಯಾಲಯದಲ್ಲಿ ಅದೇ ಕಾಲದಲ್ಲಿ ಓದಿ, 1836ರಲ್ಲಿ ಭಾರತಕ್ಕೆ ಬಂದವರು ‘ಮಂಗಳೂರ ಸಮಾಚಾರ’ದ ಹರ್ಮನ್ ಮೋಗ್ಲಿಂಗ್. ನೇರವಾದ ಸಾಲವನ್ನು ಇಲ್ಲಿ ಕಲ್ಪಿಸಬೇಕಾಗಿಲ್ಲ. ಆ ಕಾಲದ ವಿದ್ಯಾವಂತ ಪಾದ್ರಿಗೆ ಇತಿಹಾಸವು ಸಹಜವಾಗಿ ತೋರುತ್ತಿದ್ದ ಬಗೆ ಇದು ಎಂದರೆ ಸಾಕು.

ರನ್ನನನ್ನು ಈ ಚೌಕಟ್ಟಿನಲ್ಲಿ ಇರಿಸಿದರೆ ಆಗುವ ಅನ್ಯಾಯ ಸ್ಪಷ್ಟವಾಗಿದೆ. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ಕವಿ ಅವನೇ, ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಗದಾಯುದ್ಧವನ್ನು ಬರೆದ ಕವಿಯೂ ಅವನೇ. ದುರ್ಯೋಧನನ ಅಭಿಮಾನವನ್ನು ಅಷ್ಟು ಅನುಕಂಪದಿಂದ ಕಾಣುವ ಕಾವ್ಯಕ್ಕೆ ‘ಜೈನಯುಗ’ ಎಂಬ ಶೀರ್ಷಿಕೆ ಏನನ್ನೂ ವಿವರಿಸುವುದಿಲ್ಲ. ವಿದ್ಯಾರ್ಥಿ ಆ ಶೀರ್ಷಿಕೆಯನ್ನು ಸತ್ಯಾಂಶವೆಂದು ಕಂಠಪಾಠ ಮಾಡುತ್ತಾನೆ, ಅದೊಂದು ವ್ಯಾಖ್ಯಾನವೆಂದು ಅವನಿಗೆ ಯಾರೂ ಹೇಳುವುದಿಲ್ಲ. ಆ ವ್ಯಾಖ್ಯಾನ ಹುಟ್ಟಿದ ಮನೆಯನ್ನು ಕಾಣಬೇಕಾದರೆ ಚರ್ಚಿನ ಚರಿತ್ರೆಯನ್ನು ಓದಬೇಕು.

ಈ ಓದು ಏಕಮುಖವಾಗಿ ಇರಲಿಲ್ಲ ಎಂಬುದಕ್ಕೂ ನಾಡಿನಲ್ಲಿ ನಿದರ್ಶನಗಳಿವೆ. ಹುಬ್ಬಳ್ಳಿಯ ಮಿಷನರಿ ವೂರ್ತ್ 1860ರ ದಶಕದಲ್ಲಿ ಬಸವಪುರಾಣವನ್ನು ಇಂಗ್ಲಿಷಿಗೆ ತಂದರು. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಧಾರವಾಡದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಕೃತಿಯಲ್ಲಿ ಎರಡು ಧರ್ಮಗಳನ್ನು ಎದುರುಬದುರು ಕೂಡಿಸಿ ಮಾತನಾಡಿಸಿದರು. ಶರಣರ ಅನುಭವಮಂಟಪವನ್ನು ಕುರಿತು ಗಂಭೀರವಾಗಿ ಬರೆದರು. 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಮಂಜೇಶ್ವರದ ಗೋವಿಂದ ಪೈಗಳು ಗೊಮ್ಮಟನ ಪ್ರತಿಷ್ಠೆಯ ಕಾಲವನ್ನು ಶೋಧಿಸಿದ ಲೇಖನಿಯಿಂದಲೇ ಯೇಸುವಿನ ಕೊನೆಯ ದಿನದ ‘ಗೊಲ್ಗೊಥಾ’ ಕಾವ್ಯವನ್ನು ಬರೆದರು. ವಿಜಾಪುರದ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ್ದು, ಅಲ್ಲಿಂದ ಅದು ಹಿಂದಿರುಗಿ ಬಂದುದು, ಕೊನೆಗೆ 1923ರಲ್ಲಿ ಬೆಳಗಾವಿಯ ಚೌಗುಲೆಯವರ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾದುದು ಅವರ ಜೀವನಚರಿತ್ರೆಗಳಲ್ಲಿ ಬರುವ ಸಂಗತಿ. ಶರಣರ ವಚನಗಳನ್ನು ಮಹಾವೀರನ ಹೆಸರಿನ ಅಚ್ಚುಕೂಟ ಹೊರತಂದಿತು.

ಈ ಸಾಲಿನಲ್ಲಿ ಸದಲಗಾದ ಆ. ನೇ. ಉಪಾಧ್ಯೆಯವರನ್ನು ಮರೆಯುವಂತಿಲ್ಲ. ಕೃಷ್ಣಾ ತೀರದ ಈ ಸೀಮೆಗೆ ಹೊಂದಿಕೊಂಡ ಚಿಕ್ಕೋಡಿ ಭಾಗದ ಈ ಕನ್ನಡಿಗ ಕೊಲ್ಹಾಪುರದ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು, 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಸಂಪಾದಿಸಿದರು. ಕರ್ತೃವಿನ ಕಾಲ, ಗ್ರಂಥದ ಪಾಠ, ಭಾಷೆಯ ಲಕ್ಷಣ, ಸಿದ್ಧಾಂತದ ಬೆಳವಣಿಗೆ ಎಂದು ಅದರ ಪೀಠಿಕೆ ಎತ್ತುವ ಪ್ರಶ್ನೆಗಳು, ಪೌಲನ ಪತ್ರಗಳನ್ನು ಕುರಿತು ಬೈಬಲ್ ವಿದ್ವಾಂಸರು ಎತ್ತುವ ಪ್ರಶ್ನೆಗಳ ಜಾತಿಯವೇ. ಆಗಮವನ್ನು ಪೂಜಿಸುವ ಮನೆತನದಲ್ಲಿ ಹುಟ್ಟಿದವರು ಆಗಮದ ಇತಿಹಾಸವನ್ನು ಬರೆದರು. ಶ್ರದ್ಧೆಯೂ ಕೆಡಲಿಲ್ಲ, ವಿದ್ವತ್ತೂ ಸಡಿಲವಾಗಲಿಲ್ಲ. 1967ರ ಶ್ರವಣಬೆಳಗೊಳದ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು.

ಈ ಓದಿಗೆ ತೊಡಗುವ ಸಂಶೋಧಕನು ಮೂರು ಬಗೆಯ ಪುಸ್ತಕಗಳನ್ನು ಬೇರ್ಪಡಿಸಿ ತಿಳಿಯಬೇಕು. ಚರ್ಚಿನ ಚರಿತ್ರೆಯು 325ರ ನೈಸೀಯ ಪರಿಷತ್ತಿನಿಂದ 1517ರ ಲೂಥರನ ಪ್ರತಿಭಟನೆಯನ್ನು ದಾಟಿ ವುರ್ಟೆಂಬರ್ಗಿನ ಭಕ್ತಿಪಂಥದವರೆಗಿನ ದಾರಿಯನ್ನು ತೋರಿಸಿ, ಗುಳೇದಗುಡ್ಡಕ್ಕೆ ಬಂದವರು ಯಾರೆಂದು ಹೇಳುತ್ತದೆ. ದೇವಶಾಸ್ತ್ರವು ಅವರು ಬಳಸಿದ ಪದಗಳ ಒಳ ಅರ್ಥವನ್ನು ಹೇಳುತ್ತದೆ. ಬೈಬಲ್ ವಿಮರ್ಶೆಯು ಪವಿತ್ರವೆನಿಸಿದ ಗ್ರಂಥವನ್ನು ಐತಿಹಾಸಿಕವಾಗಿ ಓದುವ ವಿಧಾನವನ್ನು ಕಲಿಸುತ್ತದೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಓದಿದರೆ ಅದು ಬೋಧನೆಯಾಗಿ ಕಾಣುತ್ತದೆ. ಎರಡನೆಯದನ್ನು ಬಿಟ್ಟು ಮೂರನೆಯದನ್ನು ಓದಿದರೆ ಅದು ಬರಿಯ ಖಂಡನೆಯಾಗಿ ಕಾಣುತ್ತದೆ. ಜೊತೆಗೆ, ಬೈಬಲಿಗೆ ಒಪ್ಪಿದ ಅಳತೆಯನ್ನು ಕನ್ನಡದ ಗ್ರಂಥಗಳಿಗೆ ಹಾಗೆಯೇ ಹೊಂದಿಸಹೋಗಬಾರದು. ವಚನಗಳು ಬಾಯಿಂದ ಬಾಯಿಗೆ ಹರಿದವು. ಒಂದು ಮೂಲಪ್ರತಿಯಿಂದ ಎಲ್ಲ ಪ್ರತಿಗಳೂ ಕವಲೊಡೆದವೆಂಬ ಲಾಖ್ಮನ್ನರ ಕಲ್ಪನೆ ಅಲ್ಲಿ ಪೂರ್ತಿ ನಿಲ್ಲದು.

ಹುಬ್ಬಳ್ಳಿಯಲ್ಲಿ 1840ರ ಸುಮಾರಿಗೆ ಎದುರುಬದುರಾದ ಇಬ್ಬರ ಕೈಯಲ್ಲಿಯೂ ಗ್ರಂಥವಿತ್ತು, ಇಬ್ಬರಲ್ಲಿಯೂ ಶ್ರದ್ಧೆಯಿತ್ತು. ಎದುರಿಗಿದ್ದವರ ಗ್ರಂಥವನ್ನು ಅವರ ಚರಿತ್ರೆಯೊಡನೆ ಓದುವ ವ್ಯವಧಾನ ಮಾತ್ರ ಇರಲಿಲ್ಲ. ಮಲ್ಲಸಮುದ್ರದ ಹೊಲಗಳಿಗೆ ಬಾರದೆ ಉಳಿದ ಜನ ಆ ಕೊರತೆಯ ಫಲ. ಜಮಖಂಡಿಯಲ್ಲೋ ಮುಧೋಳದಲ್ಲೋ ಇಂದು ಕಿಟ್ಟೆಲ್ ಕೋಶವನ್ನು ತೆರೆದು ಕುಳಿತ ವಿದ್ಯಾರ್ಥಿಗೆ ಆ ವ್ಯವಧಾನ ದೊರೆಯಲು ಅಡ್ಡಿಯಿಲ್ಲ. ಕೋಶದ ಪಕ್ಕದಲ್ಲಿ ಚರ್ಚಿನ ಚರಿತ್ರೆಯ ಒಂದು ಪುಸ್ತಕವನ್ನೂ ಇರಿಸಿಕೊಂಡರೆ, ರನ್ನನನ್ನು ಓದಿಸಿದವರನ್ನೂ ಓದಿದಂತಾಗುತ್ತದೆ.